ಹಳೆ ಹಾಯಿದೋಣಿಗೆ ಹೊಸ ಸೆಂಟರ್‌ಬೋರ್ಡ್: ಹಲಗೆಯ ಅಳತೆ ನಂಬಬೇಡಿ, ಪೆಟ್ಟಿಗೆ ಅಳೆಯಿರಿ

ಹಳೆಯ ಹಾಯಿದೋಣಿ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಹಾಯಿ ಹರಿದಿದೆಯಾ, ಹಾಯಿ ಕಟ್ಟುವ ಕಂಬ, ಅಂದರೆ ಮಾಸ್ಟ್ ಬಗ್ಗಿದೆಯಾ ಅಂತ. ನಾನು ಮೊದಲು ನೋಡುವುದು ತಳದ ನಡುವೆ ಇರುವ ಸೀಳು. ಸೆಂಟರ್‌ಬೋರ್ಡ್ ಅನ್ನುವ ಹಲಗೆ ನೀರಿಗೆ ಇಳಿಯುವುದು ಅಲ್ಲಿಂದ. ಮೇಲೆತ್ತಿದಾಗ ಅದು ಕೂರುವುದು ಆ ಸೀಳಿನ ಮೇಲೆ ದೋಣಿಯೊಳಗೆ ಕಟ್ಟಿರುವ ಕಿರಿದಾದ ಪೆಟ್ಟಿಗೆಯಲ್ಲಿ. ಗಾಳಿ ಪಕ್ಕದಿಂದ ತಳ್ಳಿದಾಗ ದೋಣಿ ಅಡ್ಡಡ್ಡ ಜಾರದೆ ಮುಂದಕ್ಕೆ ಹೋಗುವುದು ಈ ಹಲಗೆ ನೀರಿನಲ್ಲಿ ನೆಟ್ಟಗೆ ನಿಂತು ತಡೆಯುವುದರಿಂದ. ಅದು ಸೊಟ್ಟಗಾಗಿದ್ದರೆ, ತುದಿ ಮುರಿದಿದ್ದರೆ, ಗಾಳಿಗೆ ಎದುರಾಗಿ ದೋಣಿ ಏರುವುದೇ ಇಲ್ಲ. ಗಾಳಿ ಒಯ್ದ ಕಡೆ ಹೋಗಿ ದಡ ಸೇರಬೇಕು, ಆಮೇಲೆ ಹಗ್ಗ ಕಟ್ಟಿ ಎಳೆದುಕೊಂಡು ವಾಪಸ್ ಬರಬೇಕು.

ಈ ಕೆಲಸಕ್ಕೆ ಬೆಂಗಳೂರಿಗೋ ಮುಂಬೈಗೋ ಹೋಗಬೇಕು ಅಂತ ಅಂದುಕೊಂಡವರು ಜಾಸ್ತಿ. ಬೇಕಿಲ್ಲ. ಪ್ಲೈವುಡ್ ಅಂಗಡಿ, ಒಳ್ಳೆಯ ಲೇತ್, ಗಾಡಿಗೆ ಪೇಂಟ್ ಹೊಡೆಯುವವರು, ಒಬ್ಬ ತಾಳ್ಮೆಯ ಬಡಗಿ, ಇಷ್ಟು ಇದ್ದರೆ ದಾವಣಗೆರೆಯಲ್ಲೇ ಆಗುತ್ತದೆ. ಇಲ್ಲಿ ಹೇಳುತ್ತಿರುವುದು ಕೀಲಿನ ಮೇಲೆ ತಿರುಗುವ ಮರದ ಹಲಗೆಯ ಬಗ್ಗೆ. 1956ರಲ್ಲಿ ಜಾಕ್ ಹೋಲ್ಟ್ ವಿನ್ಯಾಸ ಮಾಡಿದ ಎಂಟರ್‌ಪ್ರೈಸ್ ಇದೆಯಲ್ಲ, ನಮ್ಮ ದೇಶದ ಕ್ಲಬ್‌ಗಳಲ್ಲಿ ಬಹಳ ವರ್ಷ ಓಡಿದ್ದು, ಸುಮಾರು 4 ಮೀಟರ್ ಉದ್ದ, ಅಂಥ ದೋಣಿಗಳದ್ದು. ಮೇಲಿಂದ ನೇರ ಕೆಳಗೆ ತೂರಿಸುವ ಹಲಗೆಗೆ ಕೀಲು ಇರುವುದಿಲ್ಲ. ಅದಕ್ಕೆ ಬೋಲ್ಟ್, ಬುಷ್ (ಬೋಲ್ಟ್ ತಿರುಗಲು ತೂತಿನೊಳಗೆ ಕೂರಿಸುವ ಕೊಳವೆ) ಬಗ್ಗೆ ಹೇಳಿರುವುದನ್ನು ಬಿಟ್ಟು ಉಳಿದದ್ದು ಹೊಂದುತ್ತದೆ.

ನಮ್ಮ ಕಡೆ ಹಲಗೆ ಯಾಕೆ ಹಾಳಾಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಸೂಳೆಕೆರೆ ವಿಶಾಲವಾಗಿದೆ, ಆದರೆ ಹೂಳು ತುಂಬಿದೆ. ದಡದ ಕಡೆ ಬಂದಾಗ ಹಲಗೆ ಎತ್ತದಿದ್ದರೆ ಕೆಸರಿಗೆ ಹೂತು ಬುಡದಲ್ಲೇ ಬಾಗುತ್ತದೆ. ಮಾರಿಕಣಿವೆಯ, ಅಂದರೆ ವಾಣಿವಿಲಾಸ ಸಾಗರದ ಕಥೆ ಬೇರೆ. ಅಣೆಕಟ್ಟು ಮುಗಿದದ್ದು 1907ರಲ್ಲಿ, 130 ಅಡಿ ತುಂಬಿ ಕೋಡಿ ಹರಿದದ್ದು 1933ರಲ್ಲಿ, ಮತ್ತೆ ಕೋಡಿ ನೋಡಲು 2022ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಒಣಗಿದ್ದ ಅಂಚಿನಲ್ಲಿ ಜಾಲಿ ಬೆಳೆದಿರುತ್ತದೆ, ಬದು ಇರುತ್ತದೆ, ಕಲ್ಲು ಇರುತ್ತದೆ. ನೀರು ಏರಿದಾಗ ಅದೆಲ್ಲ ಒಂದು ಮೊಳ ಕೆಳಗೆ ಕಾಣದಂತೆ ಕೂತಿರುತ್ತದೆ. ಜೋರಾಗಿ ಹೋಗುವಾಗ ಬೊಡ್ಡೆಗೆ ಹಲಗೆ ಬಡಿದರೆ ಆ ಪೆಟ್ಟು ಪೂರ್ತಿ ಕೀಲಿಗೆ ಹೋಗುತ್ತದೆ. ಎಲ್ಲಿಗೆ ಹೋಗುವುದಾದರೂ ನೀರಿನ ಉಸ್ತುವಾರಿ ಯಾರದ್ದೋ ಅವರ ಅನುಮತಿ ತಗೊಂಡೇ ದೋಣಿ ಇಳಿಸಿ, ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ.

ಈಗ ಕೆಲಸಕ್ಕೆ ಬರೋಣ. ಮಾಸ್ಟ್ ಇಳಿಸಿ, ಹಾಯಿ, ಚುಕ್ಕಾಣಿ, ಹಗ್ಗ ಎಲ್ಲ ತೆಗೆದು ದೋಣಿ ಖಾಲಿ ಮಾಡಿ. ನೆಲಕ್ಕೆ ಹಳೆ ಟೈರ್ ಹಾಕಿ, ಮೇಲೆ ಗೋಣಿಚೀಲ ಹಾಸಿ, ದೋಣಿಯನ್ನು ಪಕ್ಕಕ್ಕೆ ಮಲಗಿಸಿ. ಇದಕ್ಕೆ ಮೂರು ಜನ ಬೇಕು, ಒಬ್ಬರೇ ಸಾಹಸ ಮಾಡಬೇಡಿ. ಪಕ್ಕಕ್ಕೆ ಮಲಗಿಸಿದರೆ ಒಳಗಿನ ಬೋಲ್ಟೂ ಕಾಣುತ್ತದೆ, ತಳದ ಸೀಳೂ ಕಾಣುತ್ತದೆ. ಹಲಗೆ ತೂಗಿ ಬೀಳದಂತೆ ಒಂದು ಹಗ್ಗ ಕಟ್ಟಿಕೊಂಡು ಆಮೇಲೆ ಬೋಲ್ಟ್‌ಗೆ ಕೈ ಹಾಕಿ.

ಹಳೆ ದೋಣಿಯಲ್ಲಿ ಕೀಲಿನ ಬೋಲ್ಟ್ ಸಲೀಸಾಗಿ ಬಂದರೆ ನಿಮ್ಮ ಪುಣ್ಯ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ಹೊಡೆಯಿರಿ, ಆಮೇಲೆ ಸ್ಪ್ಯಾನರ್ ಹಾಕಿ. ನಟ್ ಬಿಚ್ಚಿದ ಮೇಲೂ ಬೋಲ್ಟ್ ಅಲ್ಲಾಡದಿದ್ದರೆ ಹಿತ್ತಾಳೆ ಸರಳು ಇಟ್ಟು ಮೆಲ್ಲಗೆ ತಟ್ಟಿ. ಸುತ್ತಿಗೆಯಿಂದ ನೇರ ಹೊಡೆದರೆ ಬೋಲ್ಟಿನ ತುದಿ ಅರಳಿ ಪೆಟ್ಟಿಗೆಯ ತೂತನ್ನೇ ಸೀಳುತ್ತದೆ. ಏನೂ ಮಾಡಿದರೂ ಬರಲಿಲ್ಲವಾ, ನಟ್ಟಿಗೂ ಪೆಟ್ಟಿಗೆಗೂ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಕೊಯ್ದುಬಿಡಿ. ಆ ಬೋಲ್ಟ್ ಮತ್ತೆ ಹಾಕುವಂಥದ್ದಲ್ಲ, ಅದರ ಮೇಲೆ ಕನಿಕರ ಬೇಡ. ಹಲಗೆ ಉಬ್ಬಿ ಪೆಟ್ಟಿಗೆಯೊಳಗೆ ಕಚ್ಚಿಕೊಂಡಿದ್ದರೆ ಮಾತ್ರ ಅವಸರ ಮಾಡಬೇಡಿ. ಮೇಲಿಂದ ಬಡಿದರೆ ಪೆಟ್ಟಿಗೆ ತಳದಿಂದಲೇ ಕೀಳುತ್ತದೆ. ದೋಣಿಯನ್ನು ನೆರಳಲ್ಲಿಟ್ಟು ಒಣಗಲು ಬಿಡಿ. ನಮ್ಮ ಬೇಸಿಗೆಗೆ ಮರ ಎಷ್ಟು ಬೇಗ ಕುಗ್ಗುತ್ತದೆ ಅಂದರೆ ಸುಮ್ನೆ ಕಾದರೇ ಅರ್ಧ ಕೆಲಸ ಆಗುತ್ತದೆ.

ಹಲಗೆ ಹೊರಗೆ ಬಂತು ಅಂದ ತಕ್ಷಣ ಎಲ್ಲರಿಗೂ ಬರುವ ಯೋಚನೆ ಒಂದೇ: ಇದನ್ನೇ ಪ್ಲೈ ಮೇಲೆ ಇಟ್ಟು ಪೆನ್ಸಿಲ್ ಎಳೆದು ಕತ್ತರಿಸಿಬಿಡೋಣ. ದಯವಿಟ್ಟು ಬೇಡ. ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಇದನ್ನು ಹೇಳಲು. ಆ ಹಲಗೆ ನೀರು ಕುಡಿದು ಉಬ್ಬಿದೆ, ಅಂಚು ಸವೆದಿದೆ, ಕೀಲಿನ ತೂತು ಅಗಲವಾಗಿ ಮೊಟ್ಟೆಯಾಕಾರಕ್ಕೆ ಬಂದಿದೆ. ಯಾರೋ ಹಿಂದಿನ ಮಾಲೀಕರು ತಮಗೆ ತೋಚಿದಂತೆ ಕೆತ್ತಿರಲೂಬಹುದು. ಅದನ್ನು ನಕಲು ಮಾಡಿದರೆ ಅದರ ಎಲ್ಲ ಐಬನ್ನೂ ಹೊಸ ಮರಕ್ಕೆ ಇಳಿಸಿದ ಹಾಗೆ. ಹಳೆ ಹಲಗೆಯಿಂದ ಅಂದಾಜು ಆಕಾರ ತಗೊಳ್ಳಿ, ಅಷ್ಟೇ. ಅಳತೆ ತಗೊಳ್ಳಬೇಕಾದ್ದು ಪೆಟ್ಟಿಗೆಯಿಂದ, ಯಾಕೆಂದರೆ ಹೊಸ ಹಲಗೆ ಬದುಕಬೇಕಾದ್ದು ಅದರೊಳಗೆ.

ಪೆಟ್ಟಿಗೆ ಅಳೆಯುವುದು ಹೀಗೆ. ಬೇರೆ ಬೇರೆ ದಪ್ಪದ ಪ್ಲೈ ಪಟ್ಟಿಗಳನ್ನು ಮಾಡಿಕೊಳ್ಳಿ, 19 ಎಂಎಂ, 20, 22, 24 ಹೀಗೆ. ತೆಳು ಪಟ್ಟಿಗೆ ಲ್ಯಾಮಿನೇಟ್ ಚೂರು ಅಂಟಿಸುತ್ತಾ ಹೋದರೆ ಯಾವ ದಪ್ಪ ಬೇಕಾದರೂ ಸಿಗುತ್ತದೆ. ಒಂದೊಂದಾಗಿ ಸೀಳಿನೊಳಗೆ ಮೇಲಿಂದ ಕೆಳಗೆ, ಮುಂದಿನಿಂದ ಹಿಂದಕ್ಕೆ ಎಳೆದಾಡಿ. ಎಲ್ಲಿ ಕಚ್ಚುತ್ತದೆ ಅಂತ ಪೆಟ್ಟಿಗೆಯ ಹೊರಗೆ ಪೆನ್ಸಿಲ್‌ನಿಂದ ಗುರುತು ಹಾಕಿ. ಹಳೆ ಪೆಟ್ಟಿಗೆ ನೆಟ್ಟಗಿರುವುದು ಅಪರೂಪ. ನಡುವೆ ಒಳಕ್ಕೆ ಬಾಗಿರುತ್ತದೆ, ಇಲ್ಲವೇ ಹಿಂದಿನ ತುದಿ ಕಿರಿದಾಗಿರುತ್ತದೆ. ನಿಮಗೆ ಬೇಕಾದ್ದು ಎಲ್ಲಕ್ಕಿಂತ ಕಿರಿದಾದ ಜಾಗದ ಅಳತೆ. ಅದರಲ್ಲಿ 4 ಎಂಎಂ ಕಳೆಯಿರಿ, ಎರಡೂ ಕಡೆ ಎರಡೆರಡು. ಉಳಿದದ್ದು ಪೇಂಟ್ ಒಣಗಿದ ಮೇಲೆ ಹಲಗೆ ಇರಬೇಕಾದ ದಪ್ಪ. ಫೈಬರ್ ಬಟ್ಟೆ, ಎಪಾಕ್ಸಿ (ಎರಡು ಭಾಗ ಕಲಸಿ ಬಳಿದರೆ ಗಟ್ಟಿಯಾಗುವ ಅಂಟು), ಪೇಂಟ್ ಸೇರಿ ಒಂದೂವರೆ ಎಂಎಂ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಕಿರಿದಾದ ಜಾಗ 24 ಎಂಎಂ ಇದ್ದರೆ ಹಲಗೆ 20ರ ಒಳಗೆ ಇರಬೇಕು, ಅಂದರೆ 18ರ ಪ್ಲೈ ಸರಿಹೋಗುತ್ತದೆ.

ಟಾರ್ಚ್ ಹಾಕಿ ಪೆಟ್ಟಿಗೆಯ ಒಳಗೂ ನೋಡಿ. ಕಪ್ಪಾಗಿ ಮೆತ್ತಗಾದ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಇಳಿದರೆ ಕೊಳೆತಿದೆ, ಮೊದಲು ಅದರ ಕೆಲಸ ಆಗಬೇಕು. ಪೆಟ್ಟಿಗೆ ಮತ್ತು ತಳ ಸೇರುವ ಮೂಲೆ ಕೂಡ ಹಾಗೆಯೇ. ದೋಣಿಗೆ ನೀರು ಬರುವುದು ಬಹುಪಾಲು ಆ ಮೂಲೆಯಿಂದ ಅಥವಾ ಬೋಲ್ಟಿನ ತೂತಿನಿಂದ. ಬಣ್ಣ ಕೆರೆದು, ಒಣಗಿಸಿ, ಮರದ ಪುಡಿ ಕಲಸಿ ಮಂದ ಮಾಡಿದ ಎಪಾಕ್ಸಿಯನ್ನು ಮೂಲೆಗೆ ಬೆರಳಿನಷ್ಟು ದುಂಡಗೆ ಬಳಿಯಿರಿ.

ಮರಕ್ಕೆ ಬಂದರೆ, ಪ್ಲೈ ಅಂಗಡಿಯಲ್ಲಿ ಸೆವೆನ್ ಟೆನ್ ಅಂತ ಕೇಳಿ. ಐಎಸ್ 710 ಅಂದರೆ ಮರೀನ್ ಪ್ಲೈನ ಮಾನದಂಡ, ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಆ ನಂಬರ್ ಅಚ್ಚಾಗಿರಬೇಕು. ಬಾಯಿಮಾತಲ್ಲಿ ವಾಟರ್‌ಪ್ರೂಫ್ ಅಂದದ್ದನ್ನು ತಗೊಳ್ಳಬೇಡಿ, ಅದು 303 ಆಗಿರುತ್ತದೆ, ಬೀರುವಿಗೆ ಸರಿ, ನೀರಿನಲ್ಲಿ ಮುಳುಗಿರುವುದಕ್ಕೆ ಅಲ್ಲ. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಪೂರ್ತಿ ಹಾಳೆ ಒಂದು ಹಲಗೆಗೆ ಜಾಸ್ತಿಯಾಯಿತು. ಅಡುಗೆಮನೆ ಕೆಲಸ ಮಾಡುವ ಬಡಗಿಗಳ ಹತ್ತಿರ 710ರ ತುಂಡು ಉಳಿದಿರುತ್ತದೆ, ಕೇಳಿ ನೋಡಿ. ತುಂಡಿನ ಅಂಚನ್ನು ಬೆಳಕಿಗೆ ಹಿಡಿದು ಪದರಗಳ ನಡುವೆ ಸಂದು ಇದೆಯಾ ನೋಡಿ, ಇದ್ದರೆ ಬೇಡ. ಮೇಲ್ಪದರದ ನಾರು ಹಲಗೆಯ ಉದ್ದಕ್ಕೆ ಇರಬೇಕು, ಅಡ್ಡಕ್ಕಿದ್ದರೆ ಭಾರ ಬಿದ್ದಾಗ ಲಟ್ಟನೆ ಮುರಿಯುತ್ತದೆ.

ನನ್ನನ್ನು ಕೇಳಿದರೆ 18 ಎಂಎಂನ ಒಂದು ಹಾಳೆಗಿಂತ 9 ಎಂಎಂನ ಎರಡು ಅಂಟಿಸುವುದು ಒಳ್ಳೆಯದು. ಒಂದರ ಬಾಗು ಇನ್ನೊಂದರ ಬಾಗಿಗೆ ಎದುರು ಬರುವಂತೆ ಇಟ್ಟರೆ ಹಲಗೆ ನೆಟ್ಟಗೆ ನಿಲ್ಲುತ್ತದೆ. ಗ್ರಾನೈಟ್ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಸಿ, ಅಂಟಿಸಿ, ಮೇಲೆ 20 ಲೀಟರ್ ನೀರಿನ ಕ್ಯಾನ್‌ಗಳನ್ನು ಸಾಲಾಗಿ ಇಟ್ಟುಬಿಡಿ.

ಕಬ್ಬಿಣದ ತಗಡಲ್ಲೇ ಮಾಡಿಸಿಬಿಡೋಣ, ಮುರಿಯುವುದೇ ಬೇಡ ಅಂತ ವೆಲ್ಡಿಂಗ್ ಅಂಗಡಿಯವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. 1.2 ಮೀಟರ್ ಉದ್ದ, 35 ಸೆಂಟಿಮೀಟರ್ ಅಗಲ, 6 ಎಂಎಂ ದಪ್ಪದ ತಗಡು ಸುಮಾರು 20 ಕೆಜಿ ತೂಗುತ್ತದೆ. ಅದೇ ಅಳತೆಯ 18 ಎಂಎಂ ಪ್ಲೈ 5 ಕೆಜಿ ಆಸುಪಾಸು. ಮರದ ಹಲಗೆಗೆಂದು ಕಟ್ಟಿದ ಪೆಟ್ಟಿಗೆಗೆ ಆ ತಗಡು ಒಂದು ಸಲ ಧಡ್ ಅಂತ ಬಿದ್ದರೆ ಕೀಲಿನ ತೂತು ಹೋಯಿತು. ಮೊದಲಿಂದಲೂ ತಗಡಿನದ್ದೇ ಇದ್ದ ದೋಣಿಗಾದರೆ ತಗಡೇ ಹಾಕಿ.

ಪ್ಲೈ ಕತ್ತರಿಸುವ ಮೊದಲು ತೆಳು ಹಾರ್ಡ್‌ಬೋರ್ಡ್‌ನಲ್ಲಿ ಒಂದು ಮಾದರಿ ಮಾಡಿ. ಅದನ್ನು ಪೆಟ್ಟಿಗೆಯೊಳಗೆ ಇಟ್ಟು, ಬೋಲ್ಟ್ ತೂತಿನಿಂದ ಚೂಪಾದ ಸರಳನ್ನು ಎರಡೂ ಕಡೆಯಿಂದ ಒತ್ತಿದರೆ ಕೀಲು ಎಲ್ಲಿ ಬರಬೇಕು ಅನ್ನುವುದು ಸರಿಯಾಗಿ ಗೊತ್ತಾಗುತ್ತದೆ. ಅಲ್ಲಿ ತೂತು ಮಾಡಿ, ಬೋಲ್ಟ್ ಹಾಕಿ, ಮಾದರಿಯನ್ನು ಮೇಲೆ ಕೆಳಗೆ ತಿರುಗಿಸಿ. ಪೂರ್ತಿ ಎತ್ತಿದಾಗ ತಳದಿಂದ ಹೊರಗೆ ಏನೂ ಇಣುಕಬಾರದು. ಪೂರ್ತಿ ಇಳಿಸಿದಾಗ ತಲೆಯ ಭಾಗ ಪೆಟ್ಟಿಗೆಯೊಳಗೆ ಸಾಕಷ್ಟು ಉಳಿದಿರಬೇಕು, ಪಕ್ಕದ ಒತ್ತಡ ತಡೆಯುವುದು ಅದೇ. ಎಲ್ಲಿಯಾದರೂ ತಗುಲಿದರೆ ಮಾದರಿಯನ್ನು ಕೊರೆಯಿರಿ, ಬೇಕಾದರೆ ಇನ್ನೊಂದು ಮಾಡಿ. ರೇಸಿಗೆ ಇಳಿಯುವ ಆಸೆ ಇದ್ದರೆ ಆ ಕ್ಲಾಸಿನ, ಅಂದರೆ ಆ ಮಾದರಿ ದೋಣಿಗಳ ನಿಯಮ ಪುಸ್ತಕ ಈಗಲೇ ನೋಡಿ, ಹಲಗೆಯ ಆಕಾರ, ದಪ್ಪ, ಅಂಚನ್ನು ಎಷ್ಟು ದೂರ ಕೆತ್ತಬಹುದು ಅನ್ನುವುದಕ್ಕೆಲ್ಲ ಮಿತಿ ಇರುತ್ತದೆ.

ಕತ್ತರಿಸಿದ ಮೇಲೆ ಕೆತ್ತನೆ. ಪೆಟ್ಟಿಗೆಯೊಳಗೆ ಉಳಿಯುವ ಭಾಗವನ್ನು ಮುಟ್ಟಬೇಡಿ, ಅದು ಚಪ್ಪಟೆಯಾಗಿಯೇ ಇರಲಿ. ನೀರಿಗೆ ಇಳಿಯುವ ಭಾಗದಲ್ಲಿ ಮುಂದಿನ ಅಂಚು ದುಂಡಗೆ ಬರಬೇಕು, ಆದರೆ ಅರ್ಧಚಂದ್ರದ ಹಾಗೆ ಮೊಂಡಾಗಿ ಅಲ್ಲ, ಸ್ವಲ್ಪ ಉದ್ದಕ್ಕೆ ಎಳೆದಂತೆ. ಹಿಂದಿನ ಅಂಚನ್ನು ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ನಿಧಾನಕ್ಕೆ ತೆಳುವಾಗಿಸಿ, ತುದಿಯಲ್ಲಿ 2 ಎಂಎಂ ಬಿಟ್ಟು ಚೌಕವಾಗಿ ನಿಲ್ಲಿಸಿ. ಕತ್ತಿಯಷ್ಟು ಚೂಪು ಮಾಡಿದರೆ ಮೊದಲ ಕಲ್ಲಿಗೇ ಚಕ್ಕೆ ಏಳುತ್ತದೆ.

ಎರಡೂ ಕಡೆ ಒಂದೇ ಸಮ ಬಂದಿದೆಯಾ ಅನ್ನುವುದನ್ನು ಪ್ಲೈ ತಾನೇ ಹೇಳುತ್ತದೆ. ಉಜ್ಜುಗೊರಡು ಹಾಕುತ್ತಾ ಹೋದಂತೆ ಒಳಗಿನ ಪದರಗಳು ಒಂದು ತಿಳಿ ಪಟ್ಟೆ, ಒಂದು ಗಾಢ ಪಟ್ಟೆಯಾಗಿ ಕಾಣತೊಡಗುತ್ತವೆ, ನಡುವೆ ಅಂಟಿನ ಸಣ್ಣ ಕಂದು ಗೆರೆ. ಆ ಗೆರೆಗಳು ಅಂಚಿಗೆ ಸಮಾನಾಂತರವಾಗಿ ನೇರ ಓಡಿದರೆ ಇಳಿಜಾರು ಒಂದೇ ಸಮ ಇದೆ. ಗೆರೆ ಎಲ್ಲಿ ಅಲೆಯಂತೆ ಬಳುಕುತ್ತದೋ ಅಲ್ಲಿ ಉಬ್ಬೋ ತಗ್ಗೋ ಇದೆ. ಆ ಕಡೆಯ ಪಟ್ಟೆ ಈ ಕಡೆಗಿಂತ ಅಗಲ ಕಂಡರೆ ಎರಡು ಬದಿ ಹೊಂದಿಲ್ಲ. ಯಾವ ಅಳತೆಪಟ್ಟಿಯೂ ಇಷ್ಟು ಚೆನ್ನಾಗಿ ತೋರಿಸುವುದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಹಿಡಿದು ನೋಡಿ, ಕೈಯಿಂದ ಸವರಿ ನೋಡಿ. ಕೊನೆಯಲ್ಲಿ ಉದ್ದನೆಯ ಪಟ್ಟಿಗೆ ಉಪ್ಪುಕಾಗದ ಸುತ್ತಿ ಉಜ್ಜಿ, ಬರಿ ಬೆರಳಲ್ಲಿ ಉಜ್ಜಿದರೆ ಹಳ್ಳ ಬೀಳುತ್ತದೆ.

ಕೀಲಿನ ತೂತಿಗೆ ಬಹಳ ಗಮನ ಕೊಡಿ. ಬೋಲ್ಟಿನ ಅಳತೆಗೆ ಸುಮ್ನೆ ಡ್ರಿಲ್ ಹೊಡೆದು ಬಿಟ್ಟರೆ ನೀರು ಪದರಗಳ ನಡುವೆ ನುಗ್ಗಿ ಒಳಗಿಂದ ಕೊಳೆಯಲು ಶುರುವಾಗುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಬೋಲ್ಟ್ 10 ಎಂಎಂ, ಬುಷ್ ಹೊರಗಿನ ಅಳತೆ 16 ಎಂಎಂ ಅಂದುಕೊಳ್ಳಿ. ಮೊದಲು 28 ಎಂಎಂ ತೂತು ಮಾಡಿ. ಒಳಗೋಡೆಗೆ ತೆಳು ಎಪಾಕ್ಸಿ ಬಳಿದು ಹೀರಲು ಬಿಡಿ. ಆಮೇಲೆ ಜರಡಿ ಹಿಡಿದ ಮರದ ಪುಡಿ ಕಲಸಿದ ಎಪಾಕ್ಸಿಯಿಂದ ಪೂರ್ತಿ ತುಂಬಿ, ಆದರೆ ಒಂದೇ ಸಲಕ್ಕೆ ಅಲ್ಲ, ಎರಡು ಮೂರು ಕಂತಿನಲ್ಲಿ, ದಪ್ಪಗೆ ಸುರಿದರೆ ಬಿಸಿಯಾಗಿ ಬಿರುಕು ಬಿಡುತ್ತದೆ. ಗಟ್ಟಿಯಾದ ಮೇಲೆ ಅದರ ನಡುವೆ 16 ಎಂಎಂ ತೂತು ಹಾಕಿಸಿ. ಇದನ್ನು ಕೈ ಡ್ರಿಲ್‌ನಲ್ಲಿ ಮಾಡಬೇಡಿ, ಲೇತ್ ಅಂಗಡಿಯ ಸ್ಟ್ಯಾಂಡ್ ಡ್ರಿಲ್‌ನಲ್ಲೇ ಆಗಲಿ. ತೂತು ಒಂದು ಡಿಗ್ರಿ ಓರೆಯಾದರೂ ಹಲಗೆ ಕೆಳತುದಿಯಲ್ಲಿ 2 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ.

ಅಲ್ಲೇ ಹಿತ್ತಾಳೆ ಬುಷ್ ಕೂಡ ಕಡೆಸಿಕೊಳ್ಳಿ. ಲೇತ್‌ನವರು ಕೇಳುವ ಮೊದಲ ಮಾತು "ಎಷ್ಟು ಲೂಸ್ ಬಿಡ್ಲಿ ಅಣ್ಣಾ?" ಅಂತ. ಬೋಲ್ಟ್ ಕೈಯಲ್ಲೇ ಸಲೀಸಾಗಿ ತಿರುಗಬೇಕು, ಆದರೆ ಅಲ್ಲಾಡಿಸಿದರೆ ಗಡಗಡ ಅನ್ನಬಾರದು ಅಂತ ಹೇಳಿ, ಅವರಿಗೆ ಅರ್ಥವಾಗುತ್ತದೆ. ಬೋಲ್ಟನ್ನೂ ಜೊತೆಗೆ ಕೊಟ್ಟುಬಿಡಿ. ಕೆರೆಯ ಸಿಹಿನೀರಿಗೆ 304 ಸ್ಟೇನ್‌ಲೆಸ್ ಬೋಲ್ಟ್, ಹಿತ್ತಾಳೆ ಬುಷ್ ಸಾಕು. ಮಲ್ಪೆ, ಕಾರವಾರ ಅಂತ ಸಮುದ್ರಕ್ಕೆ ಒಯ್ಯುವ ಯೋಚನೆ ಇದ್ದರೆ 316 ಬೋಲ್ಟ್ ಹಾಕಿ, ಹಿತ್ತಾಳೆ ಬಿಟ್ಟು ನೈಲಾನ್ ಬುಷ್ ಮಾಡಿಸಿ, ಉಪ್ಪುನೀರು ಹಿತ್ತಾಳೆಯನ್ನು ತಿನ್ನುತ್ತದೆ.

ಎಪಾಕ್ಸಿ ವಿಚಾರದಲ್ಲಿ ಇಲ್ಲೊಂದು ಗೊಂದಲ ಆಗುವುದುಂಟು. ಫೈಬರ್ ಕೆಲಸದ ಅಂಗಡಿಗೆ ಹೋಗಿ ರೆಸಿನ್ ಕೇಳಿದರೆ ಅವರು ಕೊಡುವುದು ಪಾಲಿಯೆಸ್ಟರ್ ರೆಸಿನ್ ಮತ್ತು ಕತ್ತರಿಸಿದ ನಾರಿನ ಮ್ಯಾಟ್. ಪಾಲಿಯೆಸ್ಟರ್ ಮರಕ್ಕೆ ಗಟ್ಟಿಯಾಗಿ ಕಚ್ಚುವುದಿಲ್ಲ, ಸ್ವಲ್ಪ ಕಾಲಕ್ಕೆ ಸಿಪ್ಪೆಯಂತೆ ಏಳುತ್ತದೆ. ಎಪಾಕ್ಸಿಯೇ ಬೇಕು ಅಂತ ಬಿಡಿಸಿ ಹೇಳಿ. ಬಟ್ಟೆ ನೇಯ್ದದ್ದಾಗಿರಲಿ, ಚದರ ಮೀಟರಿಗೆ 200 ಗ್ರಾಂ ತೂಕದ್ದು. ಮ್ಯಾಟಿನ ನಾರನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕರಗುವಂತೆ ಮಾಡಿದ್ದು, ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ.

ಎರಡು ಭಾಗ ಕಲಸುವಾಗ ಡಬ್ಬದ ಮೇಲೆ ಹೇಳಿದ ಪ್ರಮಾಣವನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಗಟ್ಟಿಯಾಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಬಿಸಿ 10 ಡಿಗ್ರಿ ಏರಿದರೆ ಕೆಲಸ ಮಾಡಲು ಸಿಗುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ, ಅಗಲವಾದ ತಟ್ಟೆಗೆ ಹರಡಿಕೊಳ್ಳಿ. ಬಳಿಯುವುದು ಸಂಜೆ ಬಿಸಿಲು ಇಳಿಯುವಾಗ ಆಗಲಿ. ಬೆಳಿಗ್ಗೆ ಬಳಿದರೆ ಹೊತ್ತೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಎಪಾಕ್ಸಿ ತುಂಬ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಸಂಜೆ ಮರ ತಣ್ಣಗಾಗುವಾಗ ಅದೇ ಗಾಳಿ ಒಳಕ್ಕೆ ಕುಗ್ಗಿ ಎಪಾಕ್ಸಿಯನ್ನು ಎಳೆದುಕೊಳ್ಳುತ್ತದೆ. ಕೈಗವಸು ಬೇಕೇ ಬೇಕು, ಉಜ್ಜುವಾಗ ಮಾಸ್ಕ್ ಬೇಕು. ಎಪಾಕ್ಸಿ ಚರ್ಮಕ್ಕೆ ಪದೇ ಪದೇ ತಾಗಿ ಒಮ್ಮೆ ಅಲರ್ಜಿ ಶುರುವಾದರೆ ಆಮೇಲೆ ಅದರ ಹತ್ತಿರವೂ ಹೋಗಲಾಗುವುದಿಲ್ಲ.

ಬಟ್ಟೆಯನ್ನು ಎರಡೂ ಬದಿಗೆ ಹಾಕಿ, ಮುಂದಿನ ಅಂಚಿನಲ್ಲಿ ಒಂದರ ಮೇಲೊಂದು ಮಡಚಿ ಬರಲಿ. ಹಲಗೆ ತಳದಿಂದ ಹೊರಗೆ ಬರುವ ಜಾಗದಲ್ಲಿ, ಮೇಲೊಂದು ಗೇಣು ಕೆಳಗೊಂದು ಗೇಣು, ಇನ್ನೊಂದು ಪದರ ಸೇರಿಸಿ. ದೋಣಿ ಮಗುಚಿದಾಗ ನೀವು ಹತ್ತಿ ನಿಂತು ಎಬ್ಬಿಸುವುದು ಇದೇ ಹಲಗೆಯ ಮೇಲೆ. ಆಗ ನಿಮ್ಮ ಭಾರವೆಲ್ಲ ಬಗ್ಗಿಸುವುದು ಆ ಜಾಗವನ್ನೇ, ಹಳೆ ಹಲಗೆಗಳು ಮುರಿದಿರುವುದೂ ಅಲ್ಲೇ. ಗಟ್ಟಿಯಾದ ಮೇಲೆ ಮೈ ಮೇಲೆ ಜಿಡ್ಡಿನಂತೆ ಒಂದು ಪೊರೆ ಕಂಡರೆ, ಮಳೆಗಾಲದಲ್ಲಿ ಇದು ಜಾಸ್ತಿ, ಮೊದಲು ನೀರಿನಲ್ಲಿ ತೊಳೆದು ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಮೇಲಿನ ಕೋಟ್ ಹಿಡಿಯುವುದಿಲ್ಲ.

ಎಪಾಕ್ಸಿ ಬಿಸಿಲಿಗೆ ತಡೆಯುವುದಿಲ್ಲ, ಪುಡಿಪುಡಿಯಾಗುತ್ತದೆ. ಮೇಲೆ ಗಾಡಿಗೆ ಹೊಡೆಯುವ ಎರಡು ಭಾಗದ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಸಿ. ಬಣ್ಣ ಬಿಳಿ ಇರಲಿ. ಬಿಳಿಯ ಮೇಲೆ ಕೂದಲೆಳೆಯ ಬಿರುಕು ಬಿಟ್ಟರೂ ಕಣ್ಣಿಗೆ ಬೀಳುತ್ತದೆ.

ಇನ್ನು ಕೂರಿಸುವುದು. ಹಲಗೆಯನ್ನು ಪೆಟ್ಟಿಗೆಗೆ ಇಳಿಸಿ, ಬೋಲ್ಟ್ ತೂರಿಸಿ, ಪೆಟ್ಟಿಗೆಯ ಹೊರಗೆ ಎರಡೂ ಕಡೆ ರಬ್ಬರ್ ವಾಷರ್, ಅದರ ಮೇಲೆ ಅಗಲವಾದ ಸ್ಟೀಲ್ ವಾಷರ್, ಆಮೇಲೆ ನೈಲಾನ್ ಇರುವ ಲಾಕ್ ನಟ್. ರಬ್ಬರ್ ಸ್ವಲ್ಪ ಒತ್ತಿಕೊಂಡಿತು ಅನ್ನುವಷ್ಟೇ ಬಿಗಿ ಮಾಡಿ. ಜಾಸ್ತಿ ಬಿಗಿ ಮಾಡಿದರೆ ಪೆಟ್ಟಿಗೆಯ ಗೋಡೆ ಒಳಕ್ಕೆ ಬಾಗಿ ಹಲಗೆಯನ್ನು ಕಚ್ಚುತ್ತದೆ, ಅಷ್ಟು ಜಾಗ ಬಿಟ್ಟು ಅಳೆದದ್ದೆಲ್ಲ ವ್ಯರ್ಥ. ಒಳಗೆ ಉಳಿದ ಸಂದಿನಲ್ಲಿ ಹಲಗೆ ಕಟಕಟ ಅನ್ನದಂತೆ ತಲೆಯ ಬದಿಗೆ ತೆಳು ರಬ್ಬರ್ ಅಥವಾ ಕಾರ್ಪೆಟ್ ಪಟ್ಟಿ ಅಂಟಿಸಿ. ಈ ಬಿಗುವೂ ಮುಖ್ಯ. ಮರದ ಹಲಗೆ ತೇಲುವಂಥದ್ದು, ಇಳಿಸಿದ ಜಾಗದಲ್ಲಿ ತಾನಾಗಿ ನಿಲ್ಲುವುದಿಲ್ಲ. ಇಳಿಸಿ ಹಿಡಿಯಲು ಒಂದು ಹಗ್ಗ, ಎತ್ತಿ ಹಿಡಿಯಲು ಒಂದು ಎಲಾಸ್ಟಿಕ್ ಹಗ್ಗ ಹಾಕಿ. ದೋಣಿ ಮಗುಚಿದಾಗ ಹಲಗೆ ಪೆಟ್ಟಿಗೆಯೊಳಗೆ ಜಾರಿಬಿಟ್ಟರೆ ನಿಲ್ಲಲು ಏನೂ ಇರುವುದಿಲ್ಲ. ಇಳಿಸುವ ಹಗ್ಗವನ್ನು ಗಂಟು ಹಾಕಬೇಡಿ, ಹಗ್ಗ ಕಚ್ಚಿ ಹಿಡಿದು ಜೋರಾಗಿ ಎಳೆದರೆ ಬಿಡುವ ಕ್ಲೀಟ್‌ಗೆ ಸಿಕ್ಕಿಸಿ, ಬೊಡ್ಡೆ ತಾಗಿದಾಗ ಹಲಗೆ ತಾನೇ ಹಿಂದಕ್ಕೆ ಮಡಚಿಕೊಳ್ಳುತ್ತದೆ.

ಕೆರೆಗೆ ಒಯ್ಯುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ. ದೋಣಿಯನ್ನು ಟೈರ್ ಮೇಲೆ ನೇರ ನಿಲ್ಲಿಸಿ, ಒಳಗೆ ಬೋಲ್ಟ್ ಮುಳುಗುವಷ್ಟು ನೀರು ಹಾಕಿ. ಲೀಟರಿಗೆ ಒಂದು ಕೆಜಿ ಭಾರ, ಜಾಸ್ತಿ ಹಾಕಿ ತಳ ಬಗ್ಗಿಸಬೇಡಿ. ತಳದ ಸೀಳಿನ ಕೆಳಗೆ ಒಣಗಿದ ಸಿಮೆಂಟ್ ಚೀಲದ ಕಾಗದ ಹಾಸಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಹನಿ ಎಲ್ಲಿ ಬಿದ್ದಿದೆ ಅನ್ನುವುದು ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ. ಬೋಲ್ಟಿನ ನೇರಕ್ಕಿದ್ದರೆ ವಾಷರ್, ಉದ್ದಕ್ಕೂ ಇದ್ದರೆ ಪೆಟ್ಟಿಗೆಯ ಮೂಲೆ.

ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಆಷಾಢದ ಗಾಳಿ ಅಂದರೆ ಹಾಗೆ. ಮೊದಲ ಸಲ ಆ ಗಾಳಿಗೆ ಇಳಿಸಬೇಡಿ. ಬೇಸಿಗೆಯಲ್ಲೇ ಕೆಲಸ ಮುಗಿಸಿ, ಗಾಳಿ ಕಡಿಮೆ ಇರುವ ಒಂದು ಬೆಳಿಗ್ಗೆ, ಎದೆಮಟ್ಟದ ನೀರಿಗಿಂತ ಸ್ವಲ್ಪ ಆಳದಲ್ಲಿ, ಜೊತೆಗೆ ಇನ್ನೊಬ್ಬರನ್ನು ಇಟ್ಟುಕೊಂಡು ಬೇಕೆಂದೇ ದೋಣಿ ಮಗುಚಿ. ಹಲಗೆಯ ಮೇಲೆ ಬುಡದ ಹತ್ತಿರ ಹತ್ತಿ ನಿಂತು ಎಬ್ಬಿಸಿ. ದಡಕ್ಕೆ ತಂದು ಪಕ್ಕಕ್ಕೆ ಮಲಗಿಸಿ, ತಳದಿಂದ ಹೊರಬರುವ ಜಾಗದಲ್ಲಿ ಬಿಳಿ ಬಣ್ಣದ ಮೇಲೆ ಅಡ್ಡ ಗೆರೆ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಅಲ್ಲಿ ಪೇಂಟ್ ಕೆರೆದು ಇನ್ನೊಂದು ಪದರ ಬಟ್ಟೆ ಹಾಕಿ. ಇಲ್ಲದಿದ್ದರೆ ನಟ್ ಒಮ್ಮೆ ಮುಟ್ಟಿ ನೋಡಿ, ಹೊಸ ರಬ್ಬರ್ ವಾಷರ್ ಮೊದಲ ಕೆಲವು ಸಲ ಒತ್ತಿಕೊಂಡು ಸಡಿಲವಾಗುತ್ತದೆ, ಕಾಲು ಸುತ್ತು ಬಿಗಿ ಮಾಡಿದರೆ ಸಾಕು.